ಕುದುರೆಯ ಅರಿವಳಿಕೆ: ಒಂದು ಚಾರಿತ್ರಿಕ ವಿವೇಚನೆ

ಶಸ್ತ್ರಕ್ರಿಯೆಗೆ ಮುನ್ನ ರೋಗಿಯ ಪ್ರಜ್ಞೆಯನ್ನು ಔಷಧದಿಂದ ತಾತ್ಕಾಲಿಕವಾಗಿ ಹೋಗಲಾಡಿಸುವುದಕ್ಕೆ ಕನ್ನಡದಲ್ಲಿ ‘ಅರಿವಳಿಕೆ’ ಎಂಬ ಹೆಸರು ರೂಢಿಗೆ ಬಂದಿದೆ. ಅಚ್ಚಗನ್ನಡದ ಈ ಮಾತು ಬಹು ಅರ್ಥವತ್ತಾದುದು. ಅಳಿಯಬೇಕಾದುದು ಅರಿವು, ಚಲನೆಯಲ್ಲ. ಚಲನೆ ನಿಂತಿತೆಂದ ಮಾತ್ರಕ್ಕೆ ಅರಿವೂ ಅಳಿಯಿತೆಂದು ಹೇಳಲಾಗದು. ಮನುಷ್ಯರ ವಿಷಯದಲ್ಲಿ ಈ ಭೇದವನ್ನು ಕಂಡುಕೊಳ್ಳುವುದು ಅಷ್ಟು ಕಷ್ಟವಲ್ಲ. ಎಚ್ಚತ್ತ ರೋಗಿ ತನಗಾದುದನ್ನು ತಾನೇ ಹೇಳುತ್ತಾನೆ. ಕುದುರೆ ಹೇಳಲಾರದು. ಆದಕಾರಣ ಕುದುರೆಯ ಅರಿವಳಿಕೆಯ ಇತಿಹಾಸವು ಬಹುಮಟ್ಟಿಗೆ, ಅಲುಗಾಡದ ಪ್ರಾಣಿಯನ್ನು ನೋವರಿಯದ ಪ್ರಾಣಿಯೆಂದು ಎಣಿಸಿದ ಪ್ರಮಾದದ ಇತಿಹಾಸವಾಗಿದೆ. ಆ ಪ್ರಮಾದವನ್ನು, ಒಂದೇ ಮದ್ದನ್ನು ನೆಚ್ಚದೆ ಹಲವು ಮದ್ದುಗಳನ್ನು ಅಳೆದು ಕೂಡಿಸುವುದರಿಂದ ಮೆಲ್ಲಮೆಲ್ಲನೆ ತಿದ್ದಿಕೊಂಡ ಇತಿಹಾಸವೂ ಆಗಿದೆ.

ಕುದುರೆಯ ಚಿಕಿತ್ಸೆಯೇನೋ ಬಹು ಪ್ರಾಚೀನವಾದುದು. ಶಾಲಿಹೋತ್ರನ ಹೆಸರಿನಲ್ಲಿ ಸಂಸ್ಕೃತದಲ್ಲಿ ಬೆಳೆದ ಅಶ್ವಶಾಸ್ತ್ರದ ಪರಂಪರೆ ಸುಪ್ರಸಿದ್ಧವಾಗಿದೆ. ಕನ್ನಡದಲ್ಲಿಯೂ ಕೀರ್ತಿವರ್ಮನ ಗೋವೈದ್ಯ, ಅಭಿನವಚಂದ್ರನ ಅಶ್ವವೈದ್ಯ ಮೊದಲಾದ ಗ್ರಂಥಗಳುಂಟು. ಆದರೆ ಇಲ್ಲಿ ವಿವೇಚಿಸುವ ಕಥೆ ನಡೆದುದು ಯೂರೋಪು ಅಮೆರಿಕಗಳಲ್ಲಿ. ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೆ ಅಲ್ಲಿ ಕುದುರೆಗೆ ಶಸ್ತ್ರಕ್ರಿಯೆ ಮಾಡುವವನ ಮುಖ್ಯ ಸಾಧನ ಹಗ್ಗ. ಕಾಲುಗಳಿಗೆ ತೊಗಲಿನ ಪಟ್ಟಿ ತೊಡಿಸಿ, ಅವುಗಳ ಮೂಲಕ ಹಗ್ಗ ಹಾಯಿಸಿ, ನಾಲ್ಕಾರು ಆಳುಗಳು ಒಮ್ಮೆಗೇ ಸೆಳೆದು ಕುದುರೆಯನ್ನು ಹುಲ್ಲಿನ ಹಾಸಿನ ಮೇಲೆ ಕೆಡವುತ್ತಿದ್ದರು. ಮೇಲ್ದುಟಿಗೆ ಕುಣಿಕೆ ಬಿಗಿದು ಕೋಲಿನಿಂದ ತಿರುಚಿ ಹಿಡಿಯುವುದೂ ಉಂಟು. ಬೀಜ ತೆಗೆಯುವುದಾಗಲಿ, ಕೀಲಿಗೆ ಕಾಯಿಸಿದ ಕಬ್ಬಿಣದಿಂದ ಬರೆಯಿಡುವುದಾಗಲಿ ಹೀಗೆಯೇ ನಡೆಯಬೇಕಿತ್ತು. ಕೆಲಸಗಾರನ ಕೌಶಲವೆಲ್ಲ ವೇಗದಲ್ಲಿತ್ತು.

ಈ ಚರಿತ್ರೆಯ ಮೊದಲ ವಿಚಿತ್ರ ಪ್ರಸಂಗಕ್ಕೆ ಪಾತ್ರವಾದುದು ಕುದುರೆಯಲ್ಲ, ಅದರ ಬಂಧುವಾದ ಒಂದು ಹೆಣ್ಣು ಕತ್ತೆ. ಇಂಗ್ಲೆಂಡಿನ ಯಾರ್ಕ್‌ಷೈರಿನ ಜಮೀನುದಾರನೂ ಪ್ರಕೃತಿಶಾಸ್ತ್ರಜ್ಞನೂ ಆದ ಚಾರ್ಲ್ಸ್ ವಾಟರ್ಟನ್ 1812ರಲ್ಲಿ ದಕ್ಷಿಣ ಅಮೆರಿಕದ ಡೆಮೆರಾರ ಸೀಮೆಯ ಕಾಡುಗಳನ್ನು ಹೊಕ್ಕು, ಅಲ್ಲಿಯ ಮೂಲನಿವಾಸಿಗಳು ಬಾಣಗಳ ಮೊನೆಗೆ ಬಳಿಯುತ್ತಿದ್ದ ವೂರಾಲಿ ಎಂಬ ವಿಷವನ್ನು ಸಂಪಾದಿಸಿ ತಂದನು. ಕುರಾರೆ ಎಂದು ಮುಂದೆ ಹೆಸರಾದುದು ಇದೇ. 1814ರಲ್ಲಿ ಲಂಡನ್ನಿನಲ್ಲಿ ಈ ವಿಷವನ್ನು ಆ ಕತ್ತೆಯ ಭುಜಕ್ಕೆ ಚುಚ್ಚಲಾಯಿತು. ಸುಮಾರು ಹತ್ತು ನಿಮಿಷಗಳಲ್ಲಿ ಅದು ಸತ್ತಂತೆ ಬಿದ್ದಿತು. ಆಗ ಶ್ವಾಸನಾಳವನ್ನು ಸೀಳಿ, ತಿದಿಯ ಮೂಲಕ ಎರಡು ಗಂಟೆಗಳ ಕಾಲ ಗಾಳಿಯೂದಿದರು. ಕತ್ತೆ ತಲೆಯೆತ್ತಿ ಸುತ್ತ ನೋಡಿತು. ತಿದಿಯನ್ನು ನಿಲ್ಲಿಸಿದೊಡನೆ ಮತ್ತೆ ಕುಸಿಯಿತು. ಇನ್ನೆರಡು ಗಂಟೆ ಊದಿದ ಮೇಲೆ ಅದು ಎದ್ದು ನಡೆದಾಡಿತು. ವೂರಾಲಿಯಾ ಎಂಬ ಹೆಸರನ್ನು ಪಡೆದು, ವಾಟರ್ಟನ್ನನ ವಾಲ್ಟನ್ ಹಾಲಿನ ಹುಲ್ಲುಗಾವಲಿನಲ್ಲಿ ದುಡಿಮೆಯಿಲ್ಲದೆ ಮೇಯುತ್ತ 1839ರ ವರೆಗೆ ಬದುಕಿತು.

ಉಸಿರಾಟವನ್ನು ಹೊರಗಿನಿಂದ ನಡೆಸಿಕೊಟ್ಟರೆ ಕುರಾರೆಯಿಂದ ಸಾವಿಲ್ಲವೆಂಬುದು ಈ ಪ್ರಯೋಗದಿಂದ ಸಿದ್ಧಪಟ್ಟಿತು. ಎಚ್ಚತ್ತು ಎದ್ದ ಕತ್ತೆ ಕಳವಳವನ್ನಾಗಲಿ ನೋವನ್ನಾಗಲಿ ತೋರಲಿಲ್ಲವೆಂದು ವಾಟರ್ಟನ್ 1825ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಬರೆದಿದ್ದಾನೆ. ಎದ್ದ ಮೇಲಿನ ಮಾತು ಅದು. ಕೊರಳು ಸೀಳಿದಂತೆ ಮಲಗಿದ್ದ ನಾಲ್ಕು ಗಂಟೆಗಳಲ್ಲಿ ಆ ಪ್ರಾಣಿಗೆ ಏನೇನು ತಿಳಿಯುತ್ತಿದ್ದಿತು? ಉಸಿರು ನಿಂತ ಗಳಿಗೆಯಲ್ಲಿ ಪ್ರಜ್ಞೆ ತಪ್ಪಿದ್ದಿರಬಹುದು. ಆದರೆ ತಿದಿಯ ಗಾಳಿಯಿಂದ ರಕ್ತ ಮತ್ತೆ ಕೆಂಪೇರಿದ ಮೇಲೆ, ತಲೆಯೆತ್ತುವ ಶಕ್ತಿ ಬರುವುದಕ್ಕೆ ಬಹು ಮೊದಲೇ ಅರಿವು ಮರಳಿದ್ದಿರಬೇಕು. ಈ ಪ್ರಶ್ನೆ ನಿಚ್ಚಳವಾಗಿ ಏಳಲು ಮತ್ತೆ ಐವತ್ತು ವರ್ಷಗಳು ಬೇಕಾದುವು.

ಅಷ್ಟರಲ್ಲಿ ಈಥರ್ ಬಂದಿತು. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯನು ಈಥರಿನ ಆವಿಯಿಂದ ರೋಗಿಯೊಬ್ಬನನ್ನು ಮೈಮರೆಸಿ ತೋರಿಸಿದನು. ಮುಂದಿನ ವರ್ಷವೇ ಪಶುವೈದ್ಯರೂ ಅದನ್ನು ಪರೀಕ್ಷಿಸತೊಡಗಿದರು. ಲಂಡನ್ನಿನ ಎಡ್ವರ್ಡ್ ಮೇಹ್ಯೂ 1847ರಲ್ಲಿ ನಾಯಿ ಬೆಕ್ಕುಗಳಿಗೆ ಈಥರ್ ಕೊಟ್ಟು ನೋಡಿದನು. ಅವು ಮಂಪರಿನಲ್ಲಿದ್ದಾಗಲೂ ಕೂಗಿಕೊಂಡುವು. ಆ ಕೂಗು ನೋವಿನ ಕೂಗೋ ಅಲ್ಲವೋ ಹೇಳಲಾಗದು, ಅಲ್ಲವೆಂಬುದಕ್ಕೆ ಪ್ರಮಾಣ ದೊರೆಯುವ ತನಕ ಅದನ್ನು ನೋವೆಂದೇ ಎಣಿಸಬೇಕು ಎಂಬುದು ಅವನ ನಿರ್ಣಯದ ಸಾರ. ಆ ಕಾಲದ ಉತ್ಸಾಹಿಗಳ ಕಣ್ಣಿಗೆ ಮೇಹ್ಯೂ ಹಿಂದೆಗೆಯುವ ಸ್ವಭಾವದವನಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಈಥರಿನ ವಿಷಯದಲ್ಲಿ ಅವನು ಅತಿಯಾಗಿ ಶಂಕಿಸಿದನೆಂಬುದೂ ನಿಜ. ಆದರೆ ಮಾತುಬಾರದ ರೋಗಿಯ ವಿಷಯದಲ್ಲಿ ಸಂದೇಹದ ಲಾಭ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರಕ್ಕಿಂತ ಮೇಲಾದುದನ್ನು ಅವನ ಅನಂತರದ ಯಾರೂ ಕೊಟ್ಟಿಲ್ಲ.

1847ರ ನವೆಂಬರಿನಲ್ಲಿ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರಮನ್ನು ಬಳಕೆಗೆ ತಂದನು. ಕುದುರೆಗೆ ಒಗ್ಗಿದುದು ಈಥರಿಗಿಂತ ಹೆಚ್ಚಾಗಿ ಇದೇ. ಇದರ ಆವಿ ಬೆಂಕಿ ಹತ್ತುವಂಥದಲ್ಲ, ಸ್ವಲ್ಪವೇ ಸಾಕು, ಮೂತಿಗೆ ಕಟ್ಟುವ ತೊಗಲಿನ ಚೀಲವೊಂದಿದ್ದರೆ ಲಾಯದ ಅಂಗಳದಲ್ಲಿಯೇ ಕೊಡಬಹುದು. ಇಂಗ್ಲೆಂಡಿನಲ್ಲಿ ಇದನ್ನು ಪಶುವೈದ್ಯರ ಬಳಕೆಗೆ ತರಲು ಬಹುಕಾಲ ಹೋರಾಡಿದವನು ಫ್ರೆಡರಿಕ್ ಹಾಬ್‌ಡೆ. ಪ್ರಾಣಿಪಕ್ಷಿಗಳ ಅರಿವಳಿಕೆಯನ್ನು ಕುರಿತ ಅವನ ಗ್ರಂಥ 1915ರಲ್ಲಿ ಹೊರಬಂದಿತು. 1919ರಲ್ಲಿ ಬ್ರಿಟಿಷ್ ಶಾಸನಸಭೆಯು ಕೆಲವು ಶಸ್ತ್ರಕ್ರಿಯೆಗಳನ್ನು ಅರಿವಳಿಕೆಯಿಲ್ಲದೆ ಪ್ರಾಣಿಗಳ ಮೇಲೆ ನಡೆಸಕೂಡದೆಂದು ಕಾನೂನು ಮಾಡಿತು. ಈಥರ್ ಹುಟ್ಟಿ ಆಗಲೇ ಎಪ್ಪತ್ತಮೂರು ವರ್ಷಗಳಾಗಿದ್ದುವು.

ಇತ್ತ ಕುರಾರೆಯ ಸ್ವರೂಪವನ್ನು ಫ್ರಾನ್ಸಿನ ಕ್ಲೋದ್ ಬರ್ನಾರ್ ಬಿಡಿಸಿ ತೋರಿಸಿದ್ದನು. ನರವು ಸ್ನಾಯುವನ್ನು ಸೇರುವ ಎಡೆಯಲ್ಲಿ ಮಾತ್ರ ಈ ವಿಷ ತಡೆಯೊಡ್ಡುತ್ತದೆ; ಸ್ನಾಯುವೂ ಕೆಡುವುದಿಲ್ಲ, ನೋವನ್ನು ಮಿದುಳಿಗೆ ಒಯ್ಯುವ ನರವೂ ಕೆಡುವುದಿಲ್ಲ. ಎಂದಮೇಲೆ ಕುರಾರೆಯಿಂದ ಬಿದ್ದ ಪ್ರಾಣಿಯ ಶಾಂತಿ ಬರಿಯ ತೋರಿಕೆ. ಒಳಗಿನ ಅರಿವು ಇದ್ದಂತೆಯೇ ಇದ್ದು, ಹೊರಗೆ ಅದನ್ನು ತೋರುವ ದಾರಿಗಳೆಲ್ಲ ಮುಚ್ಚಿಹೋಗಿರುತ್ತವೆ. 1864ರಲ್ಲಿ ಬರೆದ ಲೇಖನವೊಂದರಲ್ಲಿ ಬರ್ನಾರ್ ಈ ಸ್ಥಿತಿಯ ಭೀಕರತೆಯನ್ನು ಮನಮುಟ್ಟುವಂತೆ ವರ್ಣಿಸಿದ್ದಾನೆ. ಇದರ ಅರಿವು ಶಾಸನಕರ್ತರಿಗೂ ಮುಟ್ಟಿತೆಂಬುದು ಗಮನಾರ್ಹ. ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ನಿಯಂತ್ರಿಸುವುದಕ್ಕಾಗಿ ಬ್ರಿಟನ್ನಿನಲ್ಲಿ 1876ರಲ್ಲಿ ಮಾಡಿದ ಕಾಯಿದೆಯು, ಕುರಾರೆಯನ್ನು ಅರಿವಳಿಕೆಯೆಂದು ಭಾವಿಸತಕ್ಕದ್ದಲ್ಲವೆಂದು ಹೆಸರೆತ್ತಿಯೇ ವಿಧಿಸಿತು. ಕಾನೂನಿನ ಪುಸ್ತಕದಲ್ಲಿ ಔಷಧಶಾಸ್ತ್ರದ ಸೂಕ್ಷ್ಮವೊಂದು ಇಷ್ಟು ಖಚಿತವಾಗಿ ನೆಲೆಗೊಂಡ ಉದಾಹರಣೆಗಳು ವಿರಳ. ಆದರೆ ಆ ಕಾಯಿದೆಯ ವ್ಯಾಪ್ತಿ ಪ್ರಯೋಗಶಾಲೆಯಷ್ಟೇ, ಕುದುರೆಯ ಲಾಯವಲ್ಲ. ಈ ಮಾತನ್ನು ನೆನಪಿನಲ್ಲಿಡತಕ್ಕದ್ದು.

ಕುದುರೆಗೆ ಒಂದೇ ಮದ್ದು ಏಕೆ ಸಾಲದು? ಕಾರಣ ಅದರ ದೇಹರಚನೆಯಲ್ಲಿಯೂ ಸ್ವಭಾವದಲ್ಲಿಯೂ ಇದೆ. ಬೆಳೆದ ಕುದುರೆಯ ತೂಕ 450ರಿಂದ 500 ಕಿಲೋಗ್ರಾಂ. ನಿಂತೇ ಬಹುಪಾಲು ಕಾಲ ಕಳೆಯುವ, ನಿಂತೇ ತೂಕಡಿಸುವ ಪ್ರಾಣಿ ಅದು. ಅದನ್ನು ಮಗ್ಗುಲಿಗೆ ಅಥವಾ ಬೆನ್ನಿನ ಮೇಲೆ ಮಲಗಿಸಿದರೆ ಹೊಟ್ಟೆಯ ಭಾರವೆಲ್ಲ ಶ್ವಾಸಕೋಶಗಳ ಮೇಲೆ ಬೀಳುತ್ತದೆ. ಕೆಳಗಾದ ಶ್ವಾಸಕೋಶದೊಳಗೆ ರಕ್ತ ಹರಿದರೂ ಗಾಳಿ ಸರಿಯಾಗಿ ಹೋಗುವುದಿಲ್ಲ. ನೆಲಕ್ಕೆ ಒತ್ತಿದ ಮಾಂಸಖಂಡಗಳಲ್ಲಿ ರಕ್ತದ ಓಟ ಕುಂದುತ್ತದೆ. ಯಾವ ಆವಿಯೇ ಆಗಲಿ, ಅದೊಂದರಿಂದಲೇ ಆಳವಾದ ಅರಿವಳಿಕೆಯನ್ನು ಉಂಟುಮಾಡಹೋದರೆ ಹೃದಯದ ಬಲವೂ ರಕ್ತದ ಒತ್ತಡವೂ ಇಳಿದು, ಆ ಒತ್ತಿದ ಮಾಂಸಖಂಡಗಳು ರಕ್ತವಿಲ್ಲದೆ ಕೆಡುತ್ತವೆ. ಶಸ್ತ್ರಕ್ರಿಯೆ ಸಾಂಗವಾಗಿ ಮುಗಿದರೂ ಕುದುರೆ ಕಾಲೂರಲಾರದೆ ಸಾಯುವುದುಂಟು. ಇನ್ನು ಸ್ವಭಾವ. ಹುಲ್ಲುಗಾವಲಿನಲ್ಲಿ ಬಿದ್ದ ಕುದುರೆ ಹುಲಿ ತೋಳಗಳಿಗೆ ಆಹಾರ. ಆದುದರಿಂದ ಎಚ್ಚರ ಮರಳಿದೊಡನೆ, ಕಾಲುಗಳಿಗೆ ಬಲ ಬಂದಿರಲಿ ಬಾರದಿರಲಿ, ಏಳಬೇಕೆಂಬ ತವಕ ಅದರ ರಕ್ತದಲ್ಲಿದೆ. ಮನುಷ್ಯನಾದರೋ ಹಾಸಿಗೆಯಲ್ಲಿ ಮಲಗಿಯೇ ಚೇತರಿಸಿಕೊಳ್ಳುತ್ತಾನೆ.

ಕ್ಲೋರೋಫಾರಮಿನ ಜೊತೆಗೆ ಕುದುರೆಗೆ ಬಹುಕಾಲ ಸಂದ ಇನ್ನೊಂದು ಮದ್ದು ಕ್ಲೋರಲ್ ಹೈಡ್ರೇಟ್. ಲೀಬಿಗ್ 1832ರಲ್ಲಿ ತಯಾರಿಸಿದ್ದ ಈ ದ್ರವ್ಯದ ನಿದ್ರಾಕಾರಕ ಗುಣವನ್ನು 1869ರಲ್ಲಿ ಬರ್ಲಿನ್ನಿನ ಲೀಬ್‌ರೈಕ್ ಪ್ರಕಟಿಸಿದನು. 1875ರಲ್ಲಿ ಹ್ಯೂಂಬೆರ್ ಅದನ್ನು ಕುದುರೆಯ ರಕ್ತನಾಳಕ್ಕೆ ನೇರವಾಗಿ ಸೇರಿಸಿದುದನ್ನು ವರದಿಮಾಡಿದನು. ಅಗ್ಗದ ಮದ್ದು, ಮಂಪರು ಚೆನ್ನಾಗಿ ಬರುತ್ತದೆ. ಆದರೆ ನೋವನ್ನು ತಡೆಯುವ ಶಕ್ತಿ ಅಲ್ಪ, ನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಕೊಳೆತು ಉದುರುತ್ತದೆ, ಪೂರ್ಣ ಅರಿವಳಿಕೆಗೆ ಬೇಕಾದಷ್ಟು ಕೊಟ್ಟರೆ ಕುದುರೆ ಗಂಟೆಗಟ್ಟಲೆ ಏಳದು. 1940ರ ದಶಕದಲ್ಲಿ ಅಮೆರಿಕದವರು ಇದಕ್ಕೆ ಮೆಗ್ನೀಷಿಯಂ ಸಲ್ಫೇಟನ್ನೂ ಪೆಂಟೊಬಾರ್ಬಿಟಾಲನ್ನೂ ಬೆರೆಸಿ ಬಳಸಿದರು. ಬೆರೆಸುವ ಬುದ್ಧಿಯೇನೋ ಹುಟ್ಟಿತ್ತು. ಯಾವುದಕ್ಕೆ ಯಾವುದನ್ನು ಏಕೆ ಬೆರೆಸಬೇಕೆಂಬ ತತ್ತ್ವ ಇನ್ನೂ ಪಶುವೈದ್ಯರ ಕೈಸೇರಿರಲಿಲ್ಲ.

ಆ ತತ್ತ್ವ ರೂಪುಗೊಂಡುದು ಮನುಷ್ಯವೈದ್ಯದಲ್ಲಿ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಜಾನ್ ಲಂಡಿ 1926ರಲ್ಲಿ ‘ಸಮತೋಲ ಅರಿವಳಿಕೆ’ ಎಂಬ ಮಾತನ್ನು ಬಳಕೆಗೆ ತಂದನು. ಮುಂಚಿತವಾಗಿ ಕೊಡುವ ಶಾಮಕ, ಶಸ್ತ್ರಕ್ರಿಯೆಯ ಎಡೆಯನ್ನು ಮಾತ್ರ ಮರವಾಗಿಸುವ ಮದ್ದು, ಪ್ರಜ್ಞೆಯನ್ನು ಕಳೆಯುವ ಮದ್ದು, ಇವುಗಳಲ್ಲಿ ಒಂದೊಂದನ್ನೂ ಸ್ವಲ್ಪಸ್ವಲ್ಪವೇ ಕೊಟ್ಟು ಒಟ್ಟು ಫಲವನ್ನು ಪಡೆಯಬೇಕೆಂಬುದು ಅವನ ಅಭಿಪ್ರಾಯ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಪ್ರತಿಯೊಂದು ಮದ್ದಿಗೂ ಒಂದು ಜಮೆ, ಒಂದು ಖರ್ಚು ಉಂಟು. ಜಮೆಗಳೆಲ್ಲ ಒಂದೇ ಖಾತೆಯಲ್ಲಿ ಕೂಡಿಕೊಳ್ಳಬೇಕು. ಖರ್ಚುಗಳು ಬೇರೆಬೇರೆ ಖಾತೆಗಳಿಗೆ ಹಂಚಿಹೋಗಿ ಯಾವ ಖಾತೆಯೂ ದಿವಾಳಿಯಾಗಕೂಡದು. ಹೃದಯವನ್ನು ಕುಗ್ಗಿಸುವ ಎರಡು ಮದ್ದುಗಳನ್ನು ಜೊತೆಗೂಡಿಸಿದರೆ ಅದು ಮಿಶ್ರಣವಾದೀತೇ ಹೊರತು ಸಮತೋಲವಾಗದು.

1942ರ ಜನವರಿ 23ರಂದು ಮಾಂಟ್ರಿಯಲ್ ನಗರದಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಈನಿಡ್ ಜಾನ್ಸನ್ ಶಸ್ತ್ರಕ್ರಿಯೆಗೆ ಒಳಗಾದ ರೋಗಿಗೆ ಅರಿವಳಿಕೆಯ ಜೊತೆಯಲ್ಲಿ ಕುರಾರೆಯನ್ನು ಕೊಟ್ಟರು. ಸ್ನಾಯುಗಳನ್ನು ಸಡಿಲಿಸುವುದಕ್ಕಾಗಿ ಆವಿಯನ್ನು ಅಪಾಯಕರವಾದ ಆಳಕ್ಕೆ ಒಯ್ಯಬೇಕಾದ ಅಗತ್ಯ ಅಂದಿಗೆ ತಪ್ಪಿತು. 1946ರಲ್ಲಿ ಲಿವರ್‌ಪೂಲಿನ ಸೆಸಿಲ್ ಗ್ರೇ ಮತ್ತು ಜಾನ್ ಹಾಲ್ಟನ್ ಇದೇ ಮಾರ್ಗವನ್ನು ವಿಸ್ತಾರವಾದ ಅನುಭವದೊಡನೆ ಪ್ರಕಟಿಸಿದರು. ಮುಂದೆ ಗ್ರೇ ಅವರ ಬೋಧನೆಯಿಂದ ಸಮತೋಲ ಅರಿವಳಿಕೆಗೆ ನಿದ್ರೆ, ನೋವಿನ ನಿವಾರಣೆ, ಸ್ನಾಯುಗಳ ಸಡಿಲಿಕೆ ಎಂಬ ಮೂರು ಕಾಲುಗಳು ಸ್ಥಿರಪಟ್ಟುವು. ಕುರಾರೆಯಿಂದಲೂ ಸ್ವಲ್ಪ ಮೈಮರವೆ ಬರುತ್ತದೆಯೋ ಎಂಬ ಸಂಶಯವೂ ಆಗ ಕೆಲವರಲ್ಲಿತ್ತು. ಅದನ್ನು ಪರಿಹರಿಸಲು ಅಮೆರಿಕದ ಸ್ಕಾಟ್ ಸ್ಮಿತ್ ಎಂಬ ವೈದ್ಯನು ತನ್ನ ಮೈಗೇ ಪೂರ್ಣ ಪ್ರಮಾಣದ ಕುರಾರೆಯನ್ನು ಚುಚ್ಚಿಸಿಕೊಂಡನು. 1947ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಂದಿಗ್ಧತೆಗೆ ಎಡೆಯಿರಲಿಲ್ಲ. ಬೆರಳನ್ನೂ ರೆಪ್ಪೆಯನ್ನೂ ಆಡಿಸಲಾರದೆ, ಉಸಿರನ್ನೂ ಪರರಿಂದ ಪಡೆಯುತ್ತ ಮಲಗಿದ್ದ ಅವನಿಗೆ ಮೊದಲಿನಿಂದ ಕಡೆಯವರೆಗೆ ಎಲ್ಲವೂ ಕೇಳಿಸುತ್ತಿತ್ತು, ಎಲ್ಲ ಸ್ಪರ್ಶವೂ ತಿಳಿಯುತ್ತಿತ್ತು, ನೋವೂ ತಿಳಿಯುತ್ತಿತ್ತು. ವೂರಾಲಿಯಾ ಹೇಳಲಾರದೆ ಹೋದ ಸಾಕ್ಷ್ಯವನ್ನು ಮನುಷ್ಯನೊಬ್ಬನು ಹೇಳಿದಂತಾಯಿತು.

ಇಷ್ಟು ತಿಳಿದ ಮೇಲೆಯೂ ನಡೆದ ಸಂಗತಿಯೊಂದು ಈ ಚರಿತ್ರೆಯ ಕಪ್ಪು ಪುಟವಾಗಿದೆ. ಸಕ್ಸಿನೈಲ್‌ಕೋಲಿನ್ ಎಂಬ, ಕುರಾರೆಯಂತೆಯೇ ಸ್ನಾಯುಗಳನ್ನು ಸ್ತಂಭಿಸುವ ಆದರೆ ಕೆಲವೇ ನಿಮಿಷ ನಿಲ್ಲುವ ಮದ್ದು 1950ರ ಸುಮಾರಿಗೆ ಬಳಕೆಗೆ ಬಂದಿತು. ಕೊರಳಿನ ನಾಳಕ್ಕೆ ಸ್ವಲ್ಪ ಚುಚ್ಚಿದರೆ ಸಾಕು; ಒಂದು ನಿಮಿಷದೊಳಗೆ ಎಂಥ ತುಂಟ ಕುದುರೆಯೂ ನೆಲಕ್ಕೆ ಕುಸಿಯುತ್ತದೆ, ಕೆಲವು ನಿಮಿಷಗಳಾದ ಮೇಲೆ ಮಂಪರಿಲ್ಲದೆ ಎದ್ದು ನಿಲ್ಲುತ್ತದೆ. ಹಗ್ಗ ಬೇಡ, ಆಳುಗಳು ಬೇಡ, ಖರ್ಚು ಅತ್ಯಲ್ಪ. 1950ರ ಮತ್ತು 60ರ ದಶಕಗಳಲ್ಲಿ ಇದನ್ನೊಂದನ್ನೇ ಕೊಟ್ಟು ಕುದುರೆಗಳ ಬೀಜ ತೆಗೆಯುವ ಪದ್ಧತಿ ಕೆಲವೆಡೆ ಹಬ್ಬಿತು. ನೋಡುವವರಿಗೆ ಅದು ಬಹು ಶಾಂತವಾದ ಶಸ್ತ್ರಕ್ರಿಯೆ. ಆದರೆ ಮೈಗೆ ಯಂತ್ರಗಳನ್ನು ಜೋಡಿಸಿ ಅಳೆದವರಿಗೆ ಕಂಡುದು ಬೇರೆ. ನಾಡಿ ಹುಚ್ಚೆದ್ದು ಓಡುತ್ತಿತ್ತು, ರಕ್ತದ ಒತ್ತಡ ವಿಪರೀತ ಏರುತ್ತಿತ್ತು, ಉಸಿರು ನಿಲ್ಲುತ್ತಿತ್ತು. ಸತ್ತ ಕುದುರೆಗಳೂ ಉಂಟು. 1876ರ ಕಾಯಿದೆ ಪ್ರಯೋಗಶಾಲೆಯಲ್ಲಿ ನಿಷೇಧಿಸಿದ್ದ ವಂಚನೆ ಎಂಬತ್ತು ವರ್ಷಗಳ ಮೇಲೆ ಲಾಯದಲ್ಲಿ ಹೊಸ ಹೆಸರಿನಿಂದ ನಡೆಯಿತು. ಹಗ್ಗದಿಂದ ಕೆಡವಿದ ಕುದುರೆಗೆ ಒದ್ದಾಡುವ, ಕೆನೆಯುವ ಸ್ವಾತಂತ್ರ್ಯವಾದರೂ ಇತ್ತು. ಪಶುವೈದ್ಯರಲ್ಲಿಯೇ ಬಲವಾದ ಖಂಡನೆ ಹುಟ್ಟಿ ಆ ಪದ್ಧತಿ ಕ್ರಮೇಣ ಹಿಂದೆ ಸರಿಯಿತು. ಅದನ್ನು ಹಿಂದಟ್ಟಿದುದು ಖಂಡನೆಯೊಂದೇ ಅಲ್ಲ, ಅಷ್ಟೇ ಸುಲಭವೂ ಕರುಣಾಪೂರ್ಣವೂ ಆದ ಬೇರೆ ಮಾರ್ಗ ದೊರೆತುದೂ ಹೌದು.

ಆ ಮಾರ್ಗದ ಒಂದು ಕವಲು ಜರ್ಮನಿಯಿಂದ ಬಂದಿತು. ಗ್ವಾಯಿಫೆನೆಸಿನ್ ಎಂಬ ದ್ರವ್ಯವು ಈಗ ಕೆಮ್ಮಿನ ಔಷಧಗಳಲ್ಲಿ ಸೇರಿ ಮನೆಮನೆಯಲ್ಲಿಯೂ ಇರುವಂಥದು. ಅದನ್ನು ಹೆಚ್ಚು ಪ್ರಮಾಣದಲ್ಲಿ ರಕ್ತಕ್ಕೆ ಸೇರಿಸಿದರೆ ಬೆನ್ನುಹುರಿಯಲ್ಲಿಯ ಸಂದೇಶಗಳನ್ನು ತಡೆದು ಕೈಕಾಲುಗಳ ಸ್ನಾಯುಗಳನ್ನು ಸಡಿಲಿಸುತ್ತದೆ, ಉಸಿರಾಡಿಸುವ ವಪೆಯನ್ನು ಬಹುಮಟ್ಟಿಗೆ ಬಿಟ್ಟುಕೊಡುತ್ತದೆ. ಕುರಾರೆಗೂ ಇದಕ್ಕೂ ಇರುವ ಮುಖ್ಯ ಭೇದ ಇದೇ. 1950ರ ದಶಕದಲ್ಲಿ ಜರ್ಮನಿಯ ಪಶುವೈದ್ಯರು ಇದನ್ನು ಕುದುರೆಗಳಿಗೆ ಬಳಸತೊಡಗಿದರು. 500 ಕಿಲೋಗ್ರಾಂ ತೂಗುವ ಕುದುರೆಗೆ ಶೇಕಡ 5ರ ದ್ರಾವಣ ಅರ್ಧದಿಂದ ಒಂದು ಲೀಟರಿನವರೆಗೆ ಬೇಕು. ಕುಡಿದವನಂತೆ ಕುದುರೆ ತೂರಾಡತೊಡಗಿದಾಗ ಥಯೋಪೆಂಟಾಲನ್ನು ಸೇರಿಸಿದರೆ ಅದು ನೆಗೆದಾಡದೆ ಮಡಿಚಿಕೊಂಡು ಕುಳಿತು ಮಲಗುತ್ತದೆ. ಗ್ವಾಯಿಫೆನೆಸಿನ್ನಿಗೆ ಸ್ವತಃ ನೋವನ್ನು ಕಳೆಯುವ ಗುಣ ಇಲ್ಲವೆನ್ನುವಷ್ಟು ಕಡಮೆ. ಇದೊಂದನ್ನೇ ಕೊಟ್ಟು ಕತ್ತಿಯಾಡಿಸಿದರೆ ಮತ್ತೆ ಹಳೆಯ ಪ್ರಮಾದವೇ.

1951ರಲ್ಲಿ ಇಂಗ್ಲೆಂಡಿನ ಸಕ್ಲಿಂಗ್ ತಯಾರಿಸಿದ ಹ್ಯಾಲೋಥೇನ್ 1956ರಲ್ಲಿ ಮನುಷ್ಯರ ಶಸ್ತ್ರಕ್ರಿಯೆಗೂ ಮರುವರ್ಷ ಪಶುವೈದ್ಯಕ್ಕೂ ಬಂದಿತು. ಕೇಂಬ್ರಿಜ್‌ನ ಲೆಸ್ಲಿ ಹಾಲ್ ಇದರ ಪ್ರಚಾರಕರಲ್ಲಿ ಪ್ರಮುಖರು. ಕುದುರೆ ಒಂದು ಸಾರಿ ಒಳಗೆಳೆಯುವ ಗಾಳಿ ಸುಮಾರು 5 ಲೀಟರು, ಮನುಷ್ಯನದು ಅರ್ಧ ಲೀಟರು. ಆದಕಾರಣ ಯಂತ್ರ, ಕೊಳವೆ, ಗಾಳಿಯ ಚೀಲ ಎಲ್ಲವನ್ನೂ ಕುದುರೆಯ ಅಳತೆಗೆ ಹೊಸದಾಗಿ ಕಟ್ಟಬೇಕಾಯಿತು. ಗಂಟೆಗಟ್ಟಲೆ ನಡೆಯುವ ಎಲುಬು ಕರುಳುಗಳ ಶಸ್ತ್ರಕ್ರಿಯೆ ಸಾಧ್ಯವಾಯಿತು. ಅದರೊಡನೆ ರಕ್ತದ ಒತ್ತಡ ಇಳಿದು ಮಾಂಸಖಂಡ ಕೆಡುವ ರೋಗವೂ ಮುಂದೆ ಬಂದು ನಿಂತಿತು. ಅರಿವಳಿಕೆಯುದ್ದಕ್ಕೂ ಒತ್ತಡದ ಸರಾಸರಿಯನ್ನು ಪಾದರಸದ 70 ಮಿಲಿಮೀಟರಿಗಿಂತ ಕೆಳಗೆ ಬಿಡಕೂಡದೆಂಬ ನಿಯಮ 1980ರ ದಶಕದ ಪರೀಕ್ಷೆಗಳ ಫಲ.

ಕುದುರೆಯ ಅರಿವಳಿಕೆಯಲ್ಲಿ ನಿಜವಾದ ತಿರುವು ಬಂದುದು ಎರಡು ಮದ್ದುಗಳ ಜೋಡಿಯಿಂದ. ಎರಡೂ 1962ರಲ್ಲಿ ಹುಟ್ಟಿದುವು, ಎರಡೂ ಕುದುರೆಗಾಗಿ ಹುಟ್ಟಿದುವಲ್ಲ. ಜರ್ಮನಿಯಲ್ಲಿ ರಕ್ತದ ಒತ್ತಡವನ್ನು ಇಳಿಸಲೆಂದು ಹೊರಟು ತಯಾರಿಸಿದ ಜೈಲಜೀನ್ ಒಂದು. ಅಮೆರಿಕದಲ್ಲಿ ಕ್ಯಾಲ್ವಿನ್ ಸ್ಟೀವನ್ಸ್ ತಯಾರಿಸಿದ ಕೆಟಮಿನ್ ಇನ್ನೊಂದು. ಕೆಟಮಿನ್ ನೋವನ್ನು ಬಲವಾಗಿ ತಡೆಯುತ್ತದೆ, ಹೃದಯವನ್ನು ಕುಗ್ಗಿಸುವುದಿಲ್ಲ. ಆದರೆ ಅದೊಂದನ್ನೇ ಕೊಟ್ಟರೆ ಕುದುರೆಯ ಸ್ನಾಯುಗಳು ಮರಗಟ್ಟಿ, ಅದು ಕೆರಳಿ ಸೆಟೆದುಕೊಳ್ಳುತ್ತದೆ. ಜೈಲಜೀನ್ ಸ್ನಾಯುಗಳನ್ನು ಸಡಿಲಿಸಿ ಮನಸ್ಸನ್ನು ಶಾಂತಗೊಳಿಸುತ್ತದೆ. ಆದರೆ ನಾಡಿಯನ್ನು ನಿಧಾನಗೊಳಿಸುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ಸಿಗುವುದು ಕಷ್ಟ. 1977ರಲ್ಲಿ ಅಮೆರಿಕದ ವಿಲಿಯಂ ಮ್ಯೂಯರ್ ಮತ್ತು ಸಂಗಡಿಗರು ಈ ಜೋಡಿಯನ್ನು ಕುದುರೆಗಳಲ್ಲಿ ಪರೀಕ್ಷಿಸಿ ಪ್ರಮಾಣವನ್ನು ಗೊತ್ತುಮಾಡಿದರು: ಪ್ರತಿ ಕಿಲೋಗ್ರಾಂ ತೂಕಕ್ಕೆ 1.1 ಮಿಲಿಗ್ರಾಂ ಜೈಲಜೀನ್, 2.2 ಮಿಲಿಗ್ರಾಂ ಕೆಟಮಿನ್. ಪ್ರಮಾಣಕ್ಕಿಂತಲೂ ಕ್ರಮ ಮುಖ್ಯ. ಜೈಲಜೀನ್ ಕೊಟ್ಟು ಕುದುರೆಯ ತಲೆ ಮೊಣಕಾಲಿನ ಮಟ್ಟಕ್ಕೆ ಜೋಲುವ ತನಕ, ಅಂದರೆ ನಾಲ್ಕೈದು ನಿಮಿಷ, ಕಾಯಬೇಕು. ಆಮೇಲೆ ಕೆಟಮಿನ್. ಕಾಯದೆ ಅವಸರಪಟ್ಟವನ ಕುದುರೆ ನೆಲದ ಮೇಲೆ ಒದ್ದಾಡುತ್ತದೆ. ಹತ್ತು ಇಪ್ಪತ್ತು ನಿಮಿಷಗಳ ಪೂರ್ಣ ಅರಿವಳಿಕೆ ಇದರಿಂದ ಲಭಿಸುತ್ತದೆ. ಬೀಜ ತೆಗೆಯಲು ಅಷ್ಟು ಸಾಕು. ಹೊಲದ ಬದಿಯಲ್ಲಿಯೇ ನಡೆಸಬಹುದು. ಸಕ್ಸಿನೈಲ್‌ಕೋಲಿನ್ನಿನ ಸಮರ್ಥಕರಿಗೆ ಅಲ್ಲಿಂದ ಮುಂದೆ ನೆಪ ಉಳಿಯಲಿಲ್ಲ.

ಈ ಎರಡಕ್ಕೂ ಗ್ವಾಯಿಫೆನೆಸಿನ್ನನ್ನು ಕೂಡಿಸಿ ಒಂದೇ ಬಾಟಲಿಯಿಂದ ಹನಿಹನಿಯಾಗಿ ಕೊಡುವ ಪದ್ಧತಿ 1980ರ ದಶಕದಲ್ಲಿ ರೂಪುಗೊಂಡಿತು. ಅಮೆರಿಕದ ಗ್ರೀನ್, ಥರ್ಮನ್ ಮೊದಲಾದವರ ಪರೀಕ್ಷೆ 1986ರಲ್ಲಿ ಪ್ರಕಟವಾಯಿತು. ಒಂದು ಲೀಟರ್ ಶೇಕಡ 5ರ ಗ್ವಾಯಿಫೆನೆಸಿನ್ ದ್ರಾವಣದಲ್ಲಿ 500 ಮಿಲಿಗ್ರಾಂ ಜೈಲಜೀನ್, 1ರಿಂದ 2 ಗ್ರಾಂ ಕೆಟಮಿನ್. ನಿದ್ರೆ, ನೋವಿನ ನಿವಾರಣೆ, ಸಡಿಲಿಕೆ ಎಂಬ ಮೂರು ಕಾಲುಗಳೂ ಒಂದೇ ಬಾಟಲಿಯಲ್ಲಿ! ಒಂದು ಗಂಟೆಯ ಆಸುಪಾಸಿನ ಕೆಲಸಕ್ಕೆ ಇದು ಬಲು ಯೋಗ್ಯ. ಅದಕ್ಕಿಂತ ಮುಂದುವರಿಸಿದರೆ ಮದ್ದುಗಳು ಮೈಯಲ್ಲಿ ಶೇಖರವಾಗಿ ಕುದುರೆ ಏಳುವಾಗ ತೂರಾಡುತ್ತದೆ. ಇದೇ ಅವಧಿಯಲ್ಲಿ ಬ್ರಿಟನ್ನಿನಲ್ಲಿ ಎಟಾರ್ಫಿನ್ ಎಂಬ, ಅಫೀಮಿನ ಜಾತಿಯ ಅತ್ಯುಗ್ರ ದ್ರವ್ಯವನ್ನು ಅಸೆಪ್ರೊಮಜೀನಿನೊಡನೆ ಬೆರೆಸಿ ಕುದುರೆಗೆ ಕೊಡುವ ರೂಢಿಯೂ ಇತ್ತು. ಸೂಜಿ ತಪ್ಪಿ ತಮಗೇ ಚುಚ್ಚಿಕೊಂಡ ವೈದ್ಯರು ಮಡಿದುದರಿಂದ ಅದರ ಹೆಸರು ಕೆಟ್ಟಿತು.

ಕೆಡವುವುದರಲ್ಲಿ ಜಯ ದೊರೆತ ಮೇಲೆಯೂ ಎಬ್ಬಿಸುವ ಸಮಸ್ಯೆ ಉಳಿದೇ ಇತ್ತು. 1975ರ ಜುಲೈ 6ರಂದು ನ್ಯೂಯಾರ್ಕಿನ ಬೆಲ್ಮಾಂಟ್ ಪಾರ್ಕಿನಲ್ಲಿ, ಅದುವರೆಗಿನ ಹತ್ತು ಪಂದ್ಯಗಳಲ್ಲಿ ಒಂದನ್ನೂ ಸೋಲದಿದ್ದ ರಫಿಯನ್ ಎಂಬ ಎಳೆಯ ಹೆಣ್ಣು ಕುದುರೆಯೂ ಆ ವರ್ಷದ ಕೆಂಟಕಿ ಡರ್ಬಿಯನ್ನು ಗೆದ್ದ ಫೂಲಿಷ್ ಪ್ಲೆಷರ್ ಎಂಬ ಗಂಡು ಕುದುರೆಯೂ ಜೋಡಿ ಓಟ ಓಡಿದುವು. ನಡುದಾರಿಯಲ್ಲಿ ರಫಿಯನ್ನಿನ ಬಲ ಮುಂಗಾಲಿನ ಗೊರಸಿನ ಮೇಲಣ ಕೀಲೆಲುಬುಗಳು ನುಚ್ಚುನೂರಾದುವು. ಸವಾರ ತಡೆಯುತ್ತಿದ್ದರೂ ಅದು ಓಡಲು ಯತ್ನಿಸುತ್ತಲೇ ಇತ್ತು. ರಾತ್ರಿ ಶಸ್ತ್ರಕ್ರಿಯೆ ನಡೆಯಿತು, ಕಾಲಿಗೆ ಗಟ್ಟಿ ಕಟ್ಟು ಬಿದ್ದಿತು. ಅರಿವಳಿಕೆ ಇಳಿಯುತ್ತಿದ್ದಂತೆ ಮಲಗಿದಲ್ಲಿಯೇ ಕಾಲುಗಳನ್ನು ಬೀಸತೊಡಗಿತು. ಅದರ ಮನಸ್ಸಿನಲ್ಲಿ ಪಂದ್ಯ ಇನ್ನೂ ಮುಗಿದಿರಲಿಲ್ಲವೋ ಏನೋ! ಹಿಡಿದವರ ಕೈ ಸೋತಿತು, ಕಟ್ಟು ಒಡೆಯಿತು, ಕಾಲು ಮೊದಲಿಗಿಂತ ಹೆಚ್ಚು ಹಾಳಾಯಿತು. ಜುಲೈ 7ರಂದು ಅದಕ್ಕೆ ದಯಾಮರಣವನ್ನು ಕೊಡಬೇಕಾಯಿತು. ಲಕ್ಷಾಂತರ ಜನ ದೂರದರ್ಶನದಲ್ಲಿ ಕಂಡ ಕುದುರೆ ಅದು. ಅದರ ಸಾವಿನಿಂದ ಚೇತರಿಕೆಯ ಕೊಠಡಿಯ ಸಮಸ್ಯೆ ವೈದ್ಯರ ವಲಯವನ್ನು ದಾಟಿ ಹೊರಗೆ ತಿಳಿಯಿತು. ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಪಶುವೈದ್ಯಾಲಯದಲ್ಲಿ, ಕುದುರೆಯನ್ನು ರಬ್ಬರಿನ ತೆಪ್ಪದಲ್ಲಿ ಕೂರಿಸಿ ಬೆಚ್ಚನೆಯ ನೀರಿನ ಕೊಳದಲ್ಲಿ ಎಚ್ಚರಗೊಳಿಸುವ ವ್ಯವಸ್ಥೆ ಉಂಟು. ಅಲ್ಲಿ ಕಾಲುಗಳನ್ನು ಎಷ್ಟು ಬೀಸಿದರೂ ತಾಗುವುದು ನೀರು ಮಾತ್ರ. 2006ರ ಮೇ 20ರ ಪಂದ್ಯದಲ್ಲಿ ಕಾಲು ಮುರಿದುಕೊಂಡ ಬಾರ್ಬರೊ ಮರುದಿನ ಶಸ್ತ್ರಕ್ರಿಯೆಯಾದ ಮೇಲೆ ಹೀಗೆಯೇ ಕ್ಷೇಮವಾಗಿ ಎಚ್ಚತ್ತಿತು. ಎಂಟು ತಿಂಗಳ ಮೇಲೆ ಅದು ತೀರಿಕೊಂಡುದು ಗೊರಸಿನ ರೋಗದಿಂದ, ಅರಿವಳಿಕೆಯಿಂದಲ್ಲ.

ಒಟ್ಟು ಲೆಕ್ಕವೇನು? ಇಂಗ್ಲೆಂಡಿನ ಜಾನ್‌ಸ್ಟನ್ ಮತ್ತು ಸಂಗಡಿಗರು ಅನೇಕ ಆಸ್ಪತ್ರೆಗಳಿಂದ ಸಂಗ್ರಹಿಸಿ 2002ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 41,824 ಪ್ರಕರಣಗಳಿವೆ. ಏಳು ದಿನಗಳೊಳಗೆ ಸತ್ತುವು ಶೇಕಡ 1.9. ಹೊಟ್ಟೆಶೂಲೆಯಿಂದ ಮೊದಲೇ ಸಾಯುವ ಸ್ಥಿತಿಯಲ್ಲಿದ್ದುವನ್ನು ಬಿಟ್ಟರೆ ಶೇಕಡ 0.9, ಎಂದರೆ ನೂರಕ್ಕೆ ಹತ್ತಿರ ಹತ್ತಿರ ಒಂದು. ಆರೋಗ್ಯವಂತ ಮನುಷ್ಯರಲ್ಲಿ ಅರಿವಳಿಕೆಯಿಂದಲೇ ಆಗುವ ಸಾವು ಲಕ್ಷಕ್ಕೆ ಒಂದರ ಆಸುಪಾಸು. ಕುದುರೆಯ ಸಾವುಗಳಲ್ಲಿ ಮೂರನೆಯ ಒಂದು ಭಾಗ ಹೃದಯ ನಿಂತುದರಿಂದ, ನಾಲ್ಕನೆಯ ಒಂದು ಭಾಗ ಏಳುವಾಗ ಎಲುಬು ಮುರಿದುದರಿಂದ. ಮುಂಚಿತವಾಗಿ ಶಾಮಕವನ್ನು ಕೊಡದ ಕುದುರೆಗಳಲ್ಲಿ ಸಾವು ಹೆಚ್ಚು. ಆವಿಯಿಲ್ಲದೆ ನಾಳದ ಮೂಲಕವೇ ಕೊಟ್ಟ ಮದ್ದುಗಳಲ್ಲಿ ಕಡಮೆ. ಈ ಕೊನೆಯ ಅಂಕಿಯನ್ನು ಎಚ್ಚರಿಕೆಯಿಂದ ಓದಬೇಕು. ನಾಳದ ಮಾರ್ಗದವು ಬಹುಮಟ್ಟಿಗೆ ಚಿಕ್ಕ ಅವಧಿಯ ಶಸ್ತ್ರಕ್ರಿಯೆಗಳು, ಮೊದಲೇ ಅಪಾಯ ಕಡಮೆಯಾದುವು. ಇದೇ ಬಗೆಯ ಹೊಸ ಸಮೀಕ್ಷೆಯ ಮೊದಲ ಫಲಿತಾಂಶ 2021ರಲ್ಲಿ ಹೊರಬಂದಿದ್ದು, ಅದರಲ್ಲಿ ಪೂರ್ಣ ಅರಿವಳಿಕೆಯ ಒಟ್ಟು ಸಾವು ಸುಮಾರು ಶೇಕಡ 1ಕ್ಕೆ, ಹೊಟ್ಟೆಶೂಲೆಯಲ್ಲದವುಗಳಲ್ಲಿ ಶೇಕಡ 0.6ಕ್ಕೆ ಇಳಿದಿದೆ.

ಈ ಇಳಿತಕ್ಕೆ ಯಾವುದೊಂದು ಹೊಸ ಮದ್ದನ್ನೂ ಕಾರಣವೆಂದು ಎತ್ತಿ ತೋರಿಸುವಂತಿಲ್ಲ. ಹ್ಯಾಲೋಥೇನಿನ ಸ್ಥಾನಕ್ಕೆ ಐಸೋಫ್ಲೂರೇನ್ ಬಂದುದರಿಂದ ಒಟ್ಟು ಸಾವು ಕಡಮೆಯಾಗುವುದೆಂದು ನಂಬಿದ್ದರು. ಎಂಟು ಸಾವಿರಕ್ಕೂ ಹೆಚ್ಚು ಕುದುರೆಗಳಲ್ಲಿ ಎರಡನ್ನೂ ಹೋಲಿಸಿ 2004ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅಂಥ ಒಟ್ಟು ಭೇದ ಕಾಣಲಿಲ್ಲ. ಇಂದಿನ ರೂಢಿ ಎರಡು ಮಾರ್ಗಗಳನ್ನು ಹೆಣೆಯುವುದು: ಆವಿಯನ್ನು ಆದಷ್ಟು ಇಳಿಸಿ, ಲಿಡೊಕೇನ್, ಕೆಟಮಿನ್, ಅಥವಾ ಜೈಲಜೀನಿನ ಬಳಗದ ಮೆಡೆಟೊಮಿಡಿನ್ ಮೊದಲಾದುವನ್ನು ನಾಳಕ್ಕೆ ಸಣ್ಣ ಧಾರೆಯಾಗಿ ಹರಿಸುವುದು. ಜ್ಯೂರಿಕ್ಕಿನ ಪಶುವೈದ್ಯರು ಈ ಮಾರ್ಗದಲ್ಲಿ ಬಹಳ ಕೆಲಸ ಮಾಡಿದ್ದಾರೆ. ಮನುಷ್ಯನ ನೋವಿಗೆ ರಾಮಬಾಣವಾದ ಮಾರ್ಫಿನ್ ಕುದುರೆಯನ್ನು ಕೆರಳಿಸುವ ಸಂಭವವಿರುವುದರಿಂದ ನೋವಿನ ಕಾಲನ್ನು ಹೀಗೆ ಬೇರೆ ಬೇರೆ ಆಸರೆಗಳಿಂದ ನಿಲ್ಲಿಸಬೇಕಾಗಿದೆ.

ಕುರಾರೆಯ ಬಳಗವೂ ಮರಳಿ ಬಂದಿದೆ, ಈ ಬಾರಿ ತನಗೆ ತಕ್ಕ ಸ್ಥಾನಕ್ಕೆ. ಕಣ್ಣಿನ ಶಸ್ತ್ರಕ್ರಿಯೆಯಲ್ಲಿ ಕುದುರೆಯ ಕಣ್ಣುಗುಡ್ಡೆ ಕದಲದೆ ನಡುವೆ ನಿಲ್ಲಬೇಕು. ಅದಕ್ಕಾಗಿ ಅಟ್ರಾಕ್ಯೂರಿಯಂ ಕೊಡುತ್ತಾರೆ. ಆದರೆ ಅದಕ್ಕೆ ಮುಂಚೆ ಪ್ರಜ್ಞೆ ಪೂರ್ಣವಾಗಿ ಹೋಗಿರಬೇಕು, ಉಸಿರಾಟವನ್ನು ಯಂತ್ರ ವಹಿಸಿಕೊಂಡಿರಬೇಕು. ಅರಿವಳಿಕೆಯ ಆಳವನ್ನು ಅಳೆಯಲು ವೈದ್ಯನು ಸದಾ ನೆಚ್ಚುವುದು ಕಣ್ಣಿನ ಅಲುಗಾಟ, ರೆಪ್ಪೆಯ ಮಿಡಿತಗಳನ್ನು; ಈ ಮದ್ದು ಆ ಗುರುತುಗಳನ್ನೇ ಅಳಿಸಿಬಿಡುತ್ತದೆ. ಆಗ ನಾಡಿಯೂ ರಕ್ತದ ಒತ್ತಡವೂ ಮಾತ್ರ ಸಾಕ್ಷಿ. ಅವು ಏಕಾಏಕಿ ಏರಿದರೆ ಕುದುರೆಗೆ ಅರಿವು ಮರಳುತ್ತಿರಬಹುದೆಂದು ತಿಳಿದು ಕತ್ತಿಯನ್ನು ನಿಲ್ಲಿಸುವುದು ವಿಧಿ.

ಶಸ್ತ್ರಕ್ರಿಯೆ ಮುಗಿದು ಆವಿಯನ್ನು ನಿಲ್ಲಿಸಿದ ಮೇಲೆ ಈಗ ಬಹುತೇಕ ಕಡೆ ಸ್ವಲ್ಪ ಜೈಲಜೀನನ್ನೋ ಅದರ ಬಳಗದ ರೋಮಿಫಿಡಿನ್ನನ್ನೋ ಮತ್ತೊಮ್ಮೆ ಚುಚ್ಚುತ್ತಾರೆ. ಮುಗಿದ ಕೆಲಸಕ್ಕೆ ಮತ್ತೆ ಮಂಪರೇಕೆ ಎಂದು ನೋಡುವವರಿಗೆ ತೋರಬಹುದು. ಶ್ವಾಸಕೋಶಗಳಿಂದ ಆವಿಯೆಲ್ಲ ಹೊರಟುಹೋಗುವ ತನಕ ಕುದುರೆ ಮಲಗಿರಲಿ ಎಂಬುದೇ ಅದರ ಉದ್ದೇಶ. ಕೊಠಡಿಯ ಗೋಡೆಗಳಿಗೆ ಮೆತ್ತೆ ಹೊದಿಸಿ, ದೀಪ ತಗ್ಗಿಸಿ, ಕೆಲವೆಡೆ ತಲೆಗೊಂದು ಬಾಲಕ್ಕೊಂದು ಹಗ್ಗ ಕಟ್ಟಿ ಅದರ ತುದಿಗಳನ್ನು ಗೋಡೆಯ ಬಳೆಗಳ ಮೂಲಕ ಹೊರಗೆ ತಂದು ಹಿಡಿದು ಕಾಯುತ್ತಾರೆ. ಅಂದು ಕೆಡವಲು ಬಳಸುತ್ತಿದ್ದ ಹಗ್ಗ ಇಂದು ಎಬ್ಬಿಸಲು. ಕುದುರೆ ಮೊದಲು ಕಿವಿಯಾಡಿಸುತ್ತದೆ, ಆಮೇಲೆ ಎದೆಯ ಮೇಲೆ ಹೊರಳಿ ಕೆಲವು ನಿಮಿಷ ಸುಮ್ಮನಿರುತ್ತದೆ, ಅನಂತರ ಮುಂಗಾಲು ಚಾಚಿ ಒಂದೇ ಯತ್ನಕ್ಕೆ ಎದ್ದು ನಿಲ್ಲುತ್ತದೆ. ಅದು ಅಡಿಯಿಟ್ಟು ಹಿಡಿತ ಸಾಧಿಸುವವರೆಗೆ ಹಗ್ಗ ಹಿಡಿದವರು ಕೈ ಸಡಿಲಿಸುವುದಿಲ್ಲ.